ಎಡಮೈಯ ಬೆವರು

ಹೊಳಬಸಪ್ಪನಿಗೆ ಲಕ್ವಾ ಹೊಡೆದದ್ದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗಲೇ. ೧೯೭೮ರ ಯುಗಾದಿ ಕಳೆದು ಎಂಟು ದಿನವಾಗಿತ್ತು. ಇಳಕಲ್ಲಿನ ಆ ಓಣಿಯಲ್ಲಿ ಬೆಳಗಾದರೆ ಮನೆ ಮನೆಯಿಂದಲೂ ಮಗ್ಗದ ಸಪ್ಪಳ. ಅದರಲ್ಲಿ ಒಂದು ಮಗ್ಗ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಂಡತಿ ಶಿವಬಸವ್ವನಿಗೆ ಮಾತ್ರ ಗೊತ್ತಾಯಿತು. ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಕೈ ತಡೆದು ಕೇಳಿದಳು:

“ಯಾಕ್ರಿ, ಎಳಿ ಹರೀತೇನು?”

“ಎಡಗಾಲು ಯಾಕೋ ನನ್ನ ಮಾತ ಕೇಳವಲ್ದು,” ಎಂದ ಹೊಳಬಸಪ್ಪ.

ಬಾಯಲ್ಲಿ ಅಂಬಲಿ ಇಟ್ಟುಕೊಂಡು ಆಡಿದಂತಿತ್ತು ಮಾತು. ಅವಳು ಎದ್ದು ಬರುವಷ್ಟರಲ್ಲಿ ಲಾಳಿ ಕೈಯಿಂದ ಜಾರಿತ್ತು. ಅವನು ಎಡಕ್ಕೆ ವಾಲಿ ಗೋಡೆಗೆ ಆತು ಕೂತಿದ್ದ. ತುಟಿಯ ಒಂದು ತುದಿ ಕೆಳಗಿಳಿದಿತ್ತು. ಅವಳ ಕೂಗು ಕೇಳಿ ಎದುರು ಮನೆಯ ನೇಕಾರ ಮಲೀಕಸಾಬ ಓಡಿ ಬಂದ, ಅವನ ಹಿಂದೆ ಹೆಂಡತಿ ಖೈರುನಬಿ. ಮೂವರೂ ಸೇರಿ ಅವನನ್ನು ಕುಣಿಯಿಂದ ಎತ್ತಿದರು. ಮಗ್ಗದ ಮೇಲೆ ಸೀರೆಯ ಮೈ ಮುಗಿದು ಸೆರಗಿನ ಕೆಂಪು ರೇಶಿಮೆ ಒಂದು ಗೇಣಿನಷ್ಟು ಆಗಿತ್ತು. ಅದು ಹಾಗೆಯೇ ಉಳಿಯಿತು.

ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೆಂಟು ದಿನ ಇದ್ದರು. ಗುಡೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಮಾದೇವಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನಾಲ್ಕು ದಿನ ಇದ್ದು ಅತ್ತು ಹೋದಳು. ಹೊಳಬಸಪ್ಪನಿಗೆ ಆಗ ಐವತ್ತೆರಡು ವರ್ಷ. ಒಂದು ಜ್ವರಕ್ಕೂ ಮಲಗಿದವನಲ್ಲ. ದವಾಖಾನೆಯಲ್ಲಿ ಮೊದಲು ಮಾತು ಮರಳಿತು, ಆಮೇಲೆ ಕಾಲಿಗೆ ಸ್ವಲ್ಪ ಕಸುವು ಬಂದು ಕೋಲು ಹಿಡಿದು, ಒಬ್ಬರ ಹೆಗಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾಯಿತು. ಎಡಗೈ ಮಾತ್ರ ಬರಲಿಲ್ಲ. ಚಿವುಟಿದರೂ ತಿಳಿಯುತ್ತಿರಲಿಲ್ಲ, ಬಿಸಿ ತಾಗಿದರೂ ತಿಳಿಯುತ್ತಿರಲಿಲ್ಲ. ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು.

ಮನೆಗೆ ಬಂದ ಮೇಲೆ ಶಿವಬಸವ್ವನಿಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಬೆಳಗಿನ ಪೂಜೆ. ಇಷ್ಟಲಿಂಗವನ್ನು ಇಡಬೇಕಾದದ್ದು ಎಡ ಅಂಗೈಯಲ್ಲಿ. ಆ ಅಂಗೈ ತಾನಾಗಿ ತೆರೆದುಕೊಳ್ಳದು. ಅವಳು ಮಗ್ಗುಲಲ್ಲಿ ಕೂತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೆಳಗೆ ತನ್ನ ಕೈ ಕೊಟ್ಟು ಹಿಡಿಯುತ್ತಿದ್ದಳು. ಅವನು ಬಲಗೈಯಿಂದ ಲಿಂಗವನ್ನು ಅಲ್ಲಿ ಇಟ್ಟು ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಣ್ಣು ಮುಚ್ಚುತ್ತಿದ್ದ. ಅವನ ಪೂಜೆ ಮುಗಿಯುವಷ್ಟರಲ್ಲಿ ಅವಳ ಮುಂಗೈ ಜೋಮು ಹಿಡಿಯುತ್ತಿತ್ತು. ಅಲ್ಲಾಡಿಸುತ್ತಿರಲಿಲ್ಲ.

ಹೀಗೆ ಕೈ ಹಿಡಿದು ಕೂತಾಗಲೇ ಅವಳು ಆ ಬೆವರನ್ನು ಮೊದಲು ಕಂಡದ್ದು. ವೈಶಾಖದ ಬಿಸಿಲು, ಊರಿಗೆ ಊರೇ ಬೆವರುತ್ತಿತ್ತು, ಹಾಗಾಗಿ ಅಲ್ಲಿಯವರೆಗೆ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಆದರೆ ಆ ದಿನ ಬೆಳಗಿನ ತಂಪು ಇನ್ನೂ ಹೋಗಿರಲಿಲ್ಲ. ಅವನ ಎಡ ಅಂಗೈಯಲ್ಲಿ, ಲಿಂಗದ ಸುತ್ತ, ನೀರು ನಿಂತಿತ್ತು. ಅವಳು ತಲೆ ಎತ್ತಿ ನೋಡಿದಳು. ಹಣೆಯ ಎಡಭಾಗದ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು, ಬಲಭಾಗದ ಮೂರು ಬೆರಳಿನ ಗೆರೆ ಹಚ್ಚಿದ ಹಾಗೇ ಒಣಗಿತ್ತು. ಅಂಗಿಯ ಎಡತೋಳು ಕಂಕುಳಿಂದ ಸೊಂಟದವರೆಗೆ ತೊಯ್ದು ಮೈಗೆ ಅಂಟಿತ್ತು. ಬಲತೋಳು ಮುಟ್ಟಿದರೆ ಒಣಗಿದ ಅರಿವೆ. ಮೂಗಿನ ನೇರಕ್ಕೆ ಗೆರೆ ಹೊಡೆದು ಪಾಲು ಮಾಡಿದಂತಿತ್ತು.

ಹೊಳಬಸಪ್ಪ ಕಣ್ಣು ತೆರೆದು ಅಂಗೈ ನೋಡಿದ. ಲಕ್ವಾ ಹೊಡೆದ ಮೇಲೆ ಮೊದಲ ಸಲ ನಕ್ಕ.

“ನೋಡಿಲ್ಲಿ. ನೀರು ಹಾಕೂ ಕಾರಣ ಇಲ್ಲ. ಕೈನ ಲಿಂಗಕ್ಕ ಮಜ್ಜನಾ ಮಾಡ್ಸಾಕ ಹತ್ತೈತಿ.”

ಅಲ್ಲಿಂದ ಅದು ದಿನದ ಮಾತಾಯಿತು. ಊಟಕ್ಕೆ ಕೂತರೆ ಎಡಗೆನ್ನೆಯಿಂದ ಬೆವರು ತಾಟಿಗೆ ತೊಟ್ಟಿಕ್ಕುತ್ತಿತ್ತು. ಮಲಗಿ ಎದ್ದರೆ ಹಾಸಿಗೆಯ ಒಂದು ಮಗ್ಗುಲು ತೊಯ್ದು ಇನ್ನೊಂದು ಮಗ್ಗುಲು ಒಣಗಿರುತ್ತಿತ್ತು. ಶಿವಬಸವ್ವ ದಿನಕ್ಕೆ ಮೂರು ಅಂಗಿ ಬದಲಿಸಿದಳು. ಹಳೆಯ ನೂಲಿನ ಸೀರೆ ಹರಿದು ತುಂಡು ಮಾಡಿ ಕಂಕುಳಲ್ಲಿ ಇಟ್ಟಳು, ಇಲ್ಲದಿದ್ದರೆ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ನೇಕಾರನ ಹೆಂಡತಿಗೆ ಬೆವರು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಹೊಳಬಸಪ್ಪ ರೇಶಿಮೆ ಮುಟ್ಟುವ ಮೊದಲು ಎರಡೂ ಅಂಗೈಗೆ ವಿಭೂತಿ ತೀಡಿಕೊಂಡು ಒಣಗಿಸಿಕೊಳ್ಳುತ್ತಿದ್ದವನು. ಬೇಸಿಗೆಯಲ್ಲಿ ಹೆಗಲ ಮೇಲಿನ ವಸ್ತ್ರ ತೆಗೆಯುತ್ತಲೇ ಇರಲಿಲ್ಲ. “ಬೆವರು ಬಿದ್ದ ರೇಶ್ಮಿ ಮತ್ತ ಚಲೋ ಆಗೂದಿಲ್ಲ,” ಎನ್ನುತ್ತಿದ್ದ. ಅಂಥವನು ಈಗ ಬೆವರನ್ನು ಕಂಡು ಹಿಗ್ಗುತ್ತಿದ್ದ.

ಆ ಹಿಗ್ಗಿಗೆ ಒಬ್ಬರು ಅಡಿಪಾಯವನ್ನೂ ಹಾಕಿಕೊಟ್ಟರು. ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಎಣ್ಣೆ ಕೊಡುವ ರಾಚಯ್ಯ ಎಂಬ ಹಿರಿಯರಿದ್ದರು. ಮಲೀಕಸಾಬನೇ ಕರೆದುಕೊಂಡು ಹೋದ. ರಾಚಯ್ಯ ಕೆಟ್ಟವರಲ್ಲ, ಕೊಟ್ಟದ್ದನ್ನು ಇಸಿದುಕೊಳ್ಳುತ್ತಿದ್ದರು, ಕೇಳುತ್ತಿರಲಿಲ್ಲ. ಹೊಳಬಸಪ್ಪನ ತೋಳನ್ನು ಭುಜದಿಂದ ಬೆರಳಿನವರೆಗೆ ಒತ್ತಿ ನೋಡಿ, ತಮ್ಮ ಕೈಗೆ ಹತ್ತಿದ ನೀರನ್ನು ಒರೆಸಿಕೊಳ್ಳುತ್ತ ಹೇಳಿದರು:

“ಸತ್ತ ಮೈ ಬೆವರೂದಿಲ್ಲಪಾ. ನರ ತೆರಕೊಳ್ಳಾಕ ಹತ್ಯಾವು. ದಿನಾ ಎಣ್ಣಿ ತಿಕ್ಕಸ್ಕೋ. ಬೆವರು ಇರೂತನಾ ಆಸೆ ಬಿಡಬ್ಯಾಡ.”

ಆ ಮಾತನ್ನು ಹೊಳಬಸಪ್ಪ ಮನೆಗೆ ತಂದ. ಕಟ್ಟೆಗೆ ಬಂದು ಕೂತವರಿಗೆಲ್ಲ ಹೇಳಿದ. ಬೆಳಗ್ಗೆ ಕಣ್ಣು ಬಿಟ್ಟೊಡನೆ ಬಲಗೈ ಎಡತೋಳಿನ ಮೇಲೆ ಹೋಗುತ್ತಿತ್ತು. ತೊಯ್ದಿದ್ದರೆ, “ಐತಿ,” ಎನ್ನುತ್ತಿದ್ದ. ಆಮೇಲೆ ಎಣ್ಣೆ, ಆಮೇಲೆ ಬಲಗೈಯಿಂದ ಎಡಗೈ ಎತ್ತಿ ಎತ್ತಿ ಇಳಿಸುವುದು, ನೂರು ಸಲ. ಮಗ್ಗದ ಮೇಲಿನ ಸೆರಗಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಶಿವಬಸವ್ವನಿಗೆ ನೇಯಲು ಬರುತ್ತಿತ್ತು. “ನಾ ಮುಗಸ್ಲೇನ್ರಿ?” ಎಂದು ಒಮ್ಮೆ ಕೇಳಿದಳು.

“ನನ್ನ ಕುಣಿಗೆ ನಾನ ಇಳೀತೇನಿ,” ಎಂದ.

ಮನೆ ನಡೆಯಬೇಕಲ್ಲ. ಖೈರುನಬಿಯ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಮಧ್ಯಾಹ್ನ ಅವನು ಮಲಗಿದ ಮೇಲೆ ಶಿವಬಸವ್ವ ಅಲ್ಲಿಗೆ ಹೋಗಿ ಎರಡನೆಯ ಮಗ್ಗದಲ್ಲಿ ಕೂತು ನೇಯ್ದು ಬರುತ್ತಿದ್ದಳು.

ಶ್ರಾವಣದಲ್ಲಿ ಮತ್ತೆ ತೋರಿಸಿಕೊಳ್ಳಲು ಬಾಗಲಕೋಟೆಗೆ ಹೋದರು. ಡಾಕ್ಟರು ಹೊಳಬಸಪ್ಪನ ಕಾಲು, ಕೈ, ನಾಲಿಗೆ ಎಲ್ಲ ನೋಡಿ, “ಭಾಳ ಸುಧಾರಿಸೀರಿ,” ಎಂದರು. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಚೀಟಿ ಇಸಿದುಕೊಳ್ಳಲು ಅವಳು ಒಳಗೆ ಬಂದಾಗ, ಬಾಗಿಲಲ್ಲೇ ನಿಂತು ಕೇಳಿದಳು:

“ಸಾಹೇಬ್ರ, ಎಡಕ್ಕಷ್ಟ ಬೆವರತೈತ್ರಿ. ಅದು ಕೈ ಬರೂ ಲಕ್ಷಣ ಹೌದಲ್ರಿ?”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ವಯಸ್ಸಿನಲ್ಲಿ ಅವಳಿಗೆ ಮಗನಾಗುವಷ್ಟು ಚಿಕ್ಕವರು.

“ನೋಡ್ರಿ ತಾಯಿ, ಬೆವರಿಗೂ ಮೆದುಳಿನಾಗ ಒಂದು ಹಿಡಿತ ಇರತೈತಿ. ಎಷ್ಟ ಬೇಕೋ ಅಷ್ಟ ಬಿಡತೈತಿ. ಪೆಟ್ಟು ಬಿದ್ದಾಗ ಆ ಹಿಡಿತ ಹೋತು. ಕಾಲುವಿ ತೂಬು ಮುರದ್ರ ನೀರು ಸುಮ್ಮನ ಹರದ ಹೋಗತೈತಲ್ಲ, ಹಂಗ. ಅದು ಕೈ ಬರೂ ಲಕ್ಷಣ ಅಲ್ಲ. ಇನ್ನ ಕೆಲವು ತಿಂಗಳಿಗೆ ಬೆವರು ತಾನ ಕಡಿಮಿ ಆಗಬಹುದು.”

“ಕೈ?”

“ಬರೂದು ಮೊದಲಿನ ಮೂರ ತಿಂಗಳದಾಗ ಬರತೈತ್ರಿ. ಒಮ್ಮೊಮ್ಮಿ ಆಮ್ಯಾಲೂ ಒಂದಿಷ್ಟು ಬರತೈತಿ. ಆದ್ರ ಮಗ್ಗದ ಕೆಲಸಕ್ಕ…” ಅವರು ತಲೆ ಅಲ್ಲಾಡಿಸಿದರು. “ಅವರಿಗೆ ನೀವ ಹೇಳ್ರಿ. ನಿಮ್ಮ ಬಾಯಿಂದ ಕೇಳಿದ್ರ ತಡಕೋತಾರು.”

ಹೊರಗೆ ಬಂದಾಗ ಹೊಳಬಸಪ್ಪ ಪಕ್ಕದಲ್ಲಿದ್ದ ಯಾರಿಗೋ ತನ್ನ ಒದ್ದೆ ಅಂಗೈ ತೋರಿಸುತ್ತಿದ್ದ. “ಏನಂದ್ರು?” ಎಂದು ಕೇಳಿದ.

“ಎಣ್ಣಿ ಬಿಡಬ್ಯಾಡ್ರಿ ಅಂದ್ರು.”

ಬಸ್ಸು ಶಿರೂರು ದಾಟಿ, ಅಮೀನಗಡ ದಾಟಿ ಹುನಗುಂದದಲ್ಲಿ ನಿಂತಾಗ ಅವನು ಕಿಟಕಿಯಿಂದಲೇ ಬಲಗೈ ಚಾಚಿ ಬಾಳೆಹಣ್ಣು ತೆಗೆದುಕೊಂಡ. ಒಂದನ್ನು ಹಲ್ಲಿನಿಂದ ಸುಲಿದು ಅವಳಿಗೆ ಕೊಟ್ಟ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಅವಳಿಗೆ ಹಣ್ಣು ಸುಲಿದು ಕೊಟ್ಟದ್ದು ಅದೇ ಮೊದಲು. ಇಳಕಲ್ಲು ಬರುವುದರೊಳಗೆ ಹೇಳಬೇಕು ಎಂದುಕೊಂಡಿದ್ದಳು. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಊರಿನಲ್ಲಿ ಇಳಿದಳು. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಮಗಳು ಬಂದಾಗ ಹೇಳಿದರಾಯಿತು. ಹೀಗೆ ದಿನ ಹೋದವು.

ಡಾಕ್ಟರು ಹೇಳಿದಂತೆಯೇ ಆಯಿತು. ದಸರೆಯ ಹೊತ್ತಿಗೆ ಮೂರು ಅಂಗಿ ಎರಡಾದವು, ಆಮೇಲೆ ಒಂದು. ಚಳಿ ಬೀಳತೊಡಗಿದಾಗ ಹಾಸಿಗೆ ಒಣಗಿಯೇ ಇರುತ್ತಿತ್ತು. ಹೊಳಬಸಪ್ಪ ಬೆಳಗ್ಗೆ ತೋಳು ತಡವಿಕೊಂಡು ಸುಮ್ಮನೆ ಮಲಗಿಬಿಡುತ್ತಿದ್ದ. ಎಣ್ಣೆ ತಿಕ್ಕಲು ಬಂದರೆ, “ಇವತ್ತ ಬ್ಯಾಡ,” ಎಂದ. ಕಟ್ಟೆಗೆ ಹೋಗುವುದು ನಿಂತಿತು. ರೊಟ್ಟಿ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ದೀಪಾವಳಿಯ ಹಿಂದಿನ ದಿನ ಎರೆದುಕೊಳ್ಳಲು ಎಬ್ಬಿಸಿದರೆ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ:

“ಒಣಗಿತು. ಮುಗೀತಿದು. ನನ್ನ ಎಬ್ಬಸಬ್ಯಾಡ.”

ಅವಳಿಗೆ ಆಗ ಹೆದರಿಕೆಯಾಯಿತು. ಲಕ್ವಾ ಹೊಡೆದ ದಿನವೂ ಅಂಥ ಹೆದರಿಕೆ ಆಗಿರಲಿಲ್ಲ. ಕೈ ಹೋದವನನ್ನು ಅವಳು ಸಾಕಬಲ್ಲಳು. ಆದರೆ ಹೀಗೆ ಗೋಡೆಗೆ ಮುಖ ಮಾಡಿ ಮಲಗಿದವನನ್ನು ಹೇಗೆ ಎಬ್ಬಿಸುವುದೋ ಅವಳಿಗೆ ತಿಳಿಯದು.

ಮರುದಿನ ನಸುಕಿನಲ್ಲಿ ಹಂಡೆಗೆ ಉರಿ ಹಾಕಲು ಎದ್ದವಳು ಒಂದು ಚರಿಗೆ ಬೆಚ್ಚನೆಯ ನೀರು ತಂದಳು. ಅವನು ರಾತ್ರಿ ನುಂಗಿದ ಗುಳಿಗೆಯ ಮಂಪರಿನಲ್ಲಿದ್ದ. ಅರಿವೆಯ ತುಂಡನ್ನು ನೀರಲ್ಲಿ ಅದ್ದಿ ಅವನ ಎಡಗಂಕುಳಿಗೆ ಒತ್ತಿದಳು. ತೋಳಿನ ಅರಿವೆಯನ್ನು ತೋಯಿಸಿದಳು. ಹಣೆಯ ಎಡಭಾಗಕ್ಕೆ ನಾಲ್ಕು ಹನಿ ಮುಟ್ಟಿಸಿದಳು. ಆ ಮಗ್ಗುಲಿಗೆ ಮುಟ್ಟಿದ್ದು ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಗೈಯ ಹತ್ತಿರ ಬಂದಾಗ ಕೈ ತಡೆದಳು. ಲಿಂಗ ಕೂಡುವ ಜಾಗ. ಅದನ್ನು ಬಿಟ್ಟು ಎದ್ದಳು.

ಹೊಳಬಸಪ್ಪ ಎದ್ದು ತೋಳು ಮುಟ್ಟಿ ನೋಡಿದ. ಮತ್ತೆ ಮುಟ್ಟಿ ನೋಡಿದ. “ಏ ಇವಳ,” ಎಂದು ಕೂಗಿದ, “ಬಂದೈತಿ ನೋಡು, ಬಂದೈತಿ!” ಅಡುಗೆಮನೆಯಲ್ಲಿ ಒಲೆ ಊದುತ್ತಿದ್ದ ಶಿವಬಸವ್ವ ಹೊಗೆ ಹೊಕ್ಕಿತೆಂಬಂತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ದಿನ ಅವನು ಎರೆದುಕೊಂಡ, ಎರಡು ಹೋಳಿಗೆ ತಿಂದ, ಎಣ್ಣೆ ತಿಕ್ಕಿಸಿಕೊಂಡ.

ಆದರೆ ಪೂಜೆಗೆ ಕೂತಾಗ, “ಅಂಗೈ ಯಾಕ ಒಣಗೇತಿ?” ಎಂದು ಕೇಳಿದ. ಮರುದಿನ ಅವಳು ಅಂಗೈಯನ್ನೂ ತೋಯಿಸಿದಳು. ತೋಯಿಸಿ, ಮೂಲೆಯಲ್ಲಿ ನಿಂತು ಕೆನ್ನೆ ಬಡಿದುಕೊಂಡಳು.

ಇದನ್ನು ಅವಳು ಹೇಳಿಕೊಂಡದ್ದು ಖೈರುನಬಿ ಒಬ್ಬಳಿಗೆ. ಇಬ್ಬರೂ ಒಂದೊಂದು ಮಗ್ಗದಲ್ಲಿ ಕೂತಿದ್ದರು. ಖೈರುನಬಿ ಲಾಳಿ ಕೆಳಗಿಟ್ಟಳು.

“ಅಕ್ಕಾ, ಎಷ್ಟ ದಿನ ಮಾಡ್ತಿ ಇದನ್ನ?”

“ಅವರು ಎದ್ದು ಕೂಡೂತನಾ.”

“ಎದ್ದು ಕುಂತ ಮ್ಯಾಲೆ? ಆಗ ಮಗ್ಗ ಕೇಳ್ತಾರಲ್ಲ.”

ಶಿವಬಸವ್ವ ಅಷ್ಟು ದೂರ ಯೋಚಿಸಿರಲಿಲ್ಲ. ಖೈರುನಬಿ ಹೇಳಿದಂತೆಯೇ ಅವನು ಮಗ್ಗ ಕೇಳಿದ. ಸಂಕ್ರಾಂತಿಯ ಮರುದಿನ ಕುಣಿಗೆ ಇಳಿಯುತ್ತೇನೆಂದು ಊರಿಗೆಲ್ಲ ಹೇಳಿಬಿಟ್ಟ. ಬೆರಳು ಒಂಚೂರು ಅಲುಗಿದಂತೆ ಅವನಿಗೆ ಅನಿಸುತ್ತಿತ್ತಂತೆ. ಅವಳು ಹಬ್ಬದ ನೆವ ಹೇಳಿದಳು, ಚಳಿಯ ನೆವ ಹೇಳಿದಳು. ಕೇಳಲಿಲ್ಲ. ಆ ಬೆಳಗ್ಗೆಯೂ ನೀರು ಮುಟ್ಟಿಸದೆ ಇರಲು ಅವಳಿಗೆ ಧೈರ್ಯವಾಗಲಿಲ್ಲ. ಮಗ್ಗಕ್ಕೆ ಕೂಡುವ ಮೊದಲು ಮುಖ ಒರೆಸುವ ನೆವದಲ್ಲಿ ಎಡಗೈಯನ್ನು ಇನ್ನೊಮ್ಮೆ ತೋಯಿಸಿದಳು.

ಮಲೀಕಸಾಬ ಅವನನ್ನು ಹಿಡಿದು ಮೆಲ್ಲಗೆ ಕುಣಿಗೆ ಇಳಿಸಿ ಕೂರಿಸಿದ. “ಬಾಯಿ ಬಿಟಕೊಂಡು ನಿಂದರಬ್ಯಾಡ್ರಿ, ಹೋಗ್ರಿನ್ನ,” ಎಂದು ಹೊಳಬಸಪ್ಪ ನಗುತ್ತಲೇ ಎಲ್ಲರನ್ನೂ ಕಳಿಸಿದ. ಶಿವಬಸವ್ವ ಮಾತ್ರ ಬಾಗಿಲ ಬಳಿ ಉಳಿದಳು. ಒಂಬತ್ತು ತಿಂಗಳ ಧೂಳನ್ನು ಅವಳು ನಿನ್ನೆಯೇ ಒರೆಸಿದ್ದಳು. ಕೆಂಪು ಸೆರಗು ಹೊಸದರಂತೆ ಹೊಳೆಯುತ್ತಿತ್ತು. ಅವನು ಬಲಗೈಯಿಂದ ಎಡಗೈ ಎತ್ತಿ ರೇಶಿಮೆಯ ಮೇಲೆ ಇಟ್ಟ. ಬಲಗಡೆಯಿಂದ ಲಾಳಿ ಎಸೆದ. ಎಳೆಗಳ ನಡುವೆ ಹಾದು ಬಂದು ಅದು ಎಡಗೈಗೆ ತಾಗಿ ಕೆಳಗೆ ಬಿತ್ತು. ಅವಳು ಬಂದು ಎತ್ತಿಕೊಟ್ಟಳು. ಮತ್ತೆ ಎಸೆದ, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ, “ಎತ್ತಬ್ಯಾಡ,” ಎಂದ.

ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕೈ ಕೂತಿದ್ದಲ್ಲಿ ಸೆರಗಿನ ಮೇಲೆ ಒದ್ದೆಯಾಗಿ ಮೂಡಿತ್ತು. ಹೊಳಬಸಪ್ಪ ಅದನ್ನು ನೋಡುತ್ತ ಕೂತ. ಅವಳು ಒರೆಸಲು ಅರಿವೆ ತಂದರೆ ಬೇಡವೆಂದು ಕೈ ಮಾಡಿದ. ಕಿಟಕಿಯ ಬಿಸಿಲು ಮಗ್ಗದ ಮೇಲೆ ಬಂತು. ಒದ್ದೆ ಮೆಲ್ಲಗೆ ಆರಿತು. ಅವನು ಬಲಗೈಯ ಉಗುರಿನಿಂದ ಆ ಜಾಗವನ್ನು ಕೆರೆದ, ಬಗ್ಗಿ ಮೂಸಿದ. ಬೆವರು ಬಿದ್ದ ರೇಶಿಮೆ ಆರಿದರೆ ಬಿರುಸಾಗುತ್ತದೆ, ಅಂಚಿಗೆ ಬಿಳಿಯ ಗೆರೆ ಏಳುತ್ತದೆ. ಅದು ಅವನಿಗೆ ಹನ್ನೆರಡನೆಯ ವಯಸ್ಸಿನಿಂದ ಗೊತ್ತು. ಇಲ್ಲಿ ಗೆರೆ ಇರಲಿಲ್ಲ.

“ಇದು ಬೆವರಲ್ಲ,” ಎಂದ.

ಶಿವಬಸವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಎಷ್ಟ ದಿನದಿಂದ?”

“ದೀಪಾವಳಿಯಿಂದ್ರಿ.”

“ಡಾಕ್ಟರ್ ಏನಂದಿದ್ರು? ಖರೆ ಹೇಳು.”

ಅವಳು ಎಲ್ಲ ಹೇಳಿದಳು. ತೂಬು ಮುರಿದ ಕಾಲುವೆಯ ಮಾತನ್ನೂ ಬಿಡದೆ ಹೇಳಿದಳು. ಅವನು ಕೂಗಾಡಲಿಲ್ಲ. “ಅದು ಲಿಂಗಾ ಇಡೂ ಕೈ,” ಎಂದ. ಅಷ್ಟೇ.

ಆ ದಿನದಿಂದ ಅವನು ಅವಳ ಕೈಯ ಅನ್ನ ಮುಟ್ಟಲಿಲ್ಲ. ಪೂಜೆಗೆ ಅವಳು ಕೈ ಹಿಡಿಯಲು ಹೋದರೆ ಬಲಗೈಯಿಂದ ಅದನ್ನು ಎಳೆದುಕೊಂಡ. ತಾನೇ ಒಂದು ಮಣೆಯ ಮೇಲೆ ಎಡಗೈ ಇಟ್ಟುಕೊಂಡು, ಬೆರಳು ಬಿಡಿಸಲು ಹೆಣಗಾಡಿ, ಕೊನೆಗೆ ಲಿಂಗವನ್ನು ಮುಷ್ಟಿಯ ಮೇಲೆಯೇ ಇಟ್ಟು ಪೂಜೆ ಮಾಡಿದ. ಮಲೀಕಸಾಬ ಗುಡೂರಿಗೆ ಹೋಗಿ ಮಾದೇವಿಯನ್ನು ಕರೆತಂದ. ಮಗಳ ಕೈಯ ರೊಟ್ಟಿ ತಿಂದ. ಅವ್ವ ಅಡುಗೆಮನೆಯಲ್ಲಿ, ಅಪ್ಪ ಪಡಸಾಲೆಯಲ್ಲಿ. ನಡುವೆ ಮಾದೇವಿ ತಾಟು ಹಿಡಿದು ಓಡಾಡಿದಳು.

“ಅಪ್ಪಾ, ಅವ್ವ ನಿನಗ ವಿಷಾ ಹಾಕಿಲ್ಲ,” ಎಂದಳು ಒಂದು ದಿನ ರೇಗಿ. “ನೀರ ಹಾಕ್ಯಾಳ.”

“ಗೊತ್ತೈತಿ,” ಎಂದ ಅವನು.

ಒಂಬತ್ತನೆಯ ದಿನ ಬೆಳಗ್ಗೆ, ಶಿವಬಸವ್ವ ಅಂಗಳ ಸಾರಿಸಿ ಒಳಗೆ ಬರುತ್ತಿದ್ದಾಗ ಅವನೇ ಮಾತಾಡಿಸಿದ. ಮುಖ ನೋಡದೆ ಆಡಿದ ಮಾತು.

“ಕುಣಿಗೆ ಇಳಿ. ಆ ಸೀರಿ ಎಷ್ಟ ದಿನ ಹಂಗ ಕೂಡಬೇಕು?”

ಅವಳು ಕೈ ತೊಳೆದು, ಅಂಗೈಗೆ ವಿಭೂತಿ ತೀಡಿಕೊಂಡು ಇಳಿದಳು. ಅವನು ಕುಣಿಯ ಅಂಚಿಗೆ ಚಾಪೆ ಹಾಕಿಸಿಕೊಂಡು ಕೂತ. ಗಟ್ಟಿಯಾಗಿ ಬಡಿ, ಅಂಚು ಸಡಿಲಾಯಿತು, ಆ ಎಳೆ ಬಿಟ್ಟಿ ನೋಡು, ಎಂದು ಬೈಯುತ್ತಲೇ ಇದ್ದ. ಬೈಗಳ ಕೇಳಿ ಅವಳಿಗೆ ಅಳು ಬಂತು, ಆದರೆ ಕೆಳಗೆ ರೇಶಿಮೆ ಇತ್ತು. ಮುಖ ಹೊರಳಿಸಿ ಭುಜಕ್ಕೆ ಒರೆಸಿಕೊಂಡಳು. ನಾಲ್ಕು ದಿನಕ್ಕೆ ಸೆರಗು ಮುಗಿಯಿತು. ಮಡಿಸಿದ ಸೀರೆಯನ್ನು ಅವನು ಮಾದೇವಿಯ ಕೈಗೆ ಕೊಟ್ಟು, “ಉಟ್ಕೊ,” ಎಂದ. ಮರುದಿನ ಪೂಜೆಗೆ ಕೂತಾಗ ತಾನಾಗಿಯೇ ಎಡಗೈಯನ್ನು ಹೆಂಡತಿಯ ಕಡೆ ಸರಿಸಿದ. ಅವಳು ಬೆರಳು ಬಿಡಿಸಿದಳು. ಅಂಗೈ ಒಣಗಿತ್ತು.

ಆಮೇಲೆ ಎರಡೂವರೆ ವರ್ಷ ಬದುಕಿದ. ಖಾರ ತಿಂದರೆ ಎಡಗಿವಿಯ ಹಿಂದೆ ನಾಲ್ಕು ಹನಿ ಮೂಡುತ್ತಿತ್ತು, ಬೇಸಿಗೆಯಲ್ಲಿ ಆ ಕಡೆ ಕೊಂಚ ಹೆಚ್ಚು ತೊಯ್ಯುತ್ತಿತ್ತು. ಇಬ್ಬರೂ ಅದರ ಮಾತು ಎತ್ತುತ್ತಿರಲಿಲ್ಲ. ಎತ್ತಿದ್ದು ಒಂದೇ ಸಲ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವಳು ಅವನ ಉಗುರು ತೆಗೆಯುತ್ತಿದ್ದಳು.

“ಮಗ್ಗದಾಗ ಕುಂತ ದಿನಾ ನನಗ ತಿಳೀತು ಅಂತ ಮಾಡೀಯೇನು?” ಎಂದ. “ಅದಕ್ಕಿಂತ ಮೊದಲ ಗೊತ್ತಿತ್ತು. ಬೆವರಿಗೆ ವಾಸನಿ ಇರತೈತಿ. ನಿನ್ನ ನೀರಿಗೆ ಇರಲಿಲ್ಲ.”

“ಮತ್ತ ಯಾಕ ಸುಮ್ಮನಿದ್ರಿ?”

“ದಿನಾ ನಸುಕಿನಾಗ ಎದ್ದು ಮಾಡ್ತಿದ್ದಿಯಲ್ಲ. ಬ್ಯಾಡ ಅಂದಿದ್ರ, ನಮಗಿಬ್ರಿಗೂ ಏನ ಉಳೀತಿತ್ತು?”

ಅವಳು ಉಗುರು ತೆಗೆಯುವುದನ್ನು ನಿಲ್ಲಿಸಲಿಲ್ಲ. ಅವನು ಹೇಳಿದ್ದು ನಿಜವೋ, ಅವಳ ಎದೆಯ ಮೇಲಿನ ಭಾರ ಇಳಿಯಲೆಂದು ಆಡಿದ ಮಾತೋ ಅವಳಿಗೆ ತಿಳಿಯಲಿಲ್ಲ. ಮೊದಲೇ ಗೊತ್ತಿದ್ದರೆ ಆ ಒಂಬತ್ತು ದಿನದ ಸಿಟ್ಟು ಯಾಕೆ? ಗೊತ್ತಿರದಿದ್ದರೆ ಈಗ ಹೀಗೆ ಹೇಳುವುದು ಯಾಕೆ? ಕೇಳಬಹುದಿತ್ತು. ಕೇಳಲಿಲ್ಲ.

೧೯೮೧ರ ಆಷಾಢದಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಹೊತ್ತು ಏರಿತ್ತು. ಅವನು ಹೊರಗೆ ಹೊರಸಿನ ಮೇಲೆ ಒರಗಿದ್ದ, ಅವಳು ಒಳಗೆ ಮಗ್ಗದಲ್ಲಿದ್ದಳು. ಅವನು ಕೂಗಿದನೋ ಇಲ್ಲವೋ, ಮಗ್ಗದ ಸಪ್ಪಳದಲ್ಲಿ ಕೇಳಲಿಲ್ಲ. ಎದುರು ಮನೆಯಿಂದ ಖೈರುನಬಿ ಕಂಡು ಓಡಿ ಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದಾಗ ಅವಳ ಕೈಯಲ್ಲಿ ಲಾಳಿ ಇತ್ತು. ಹೊರಗೆ ಬರುವಷ್ಟರಲ್ಲಿ ಜೀವ ಹೋಗಿತ್ತು. ಮಣ್ಣು ಕೊಡುವ ಮೊದಲು ಅವನನ್ನು ಕೂರಿಸಿ ಎಡ ಅಂಗೈಯಲ್ಲಿ ಲಿಂಗ ಇಡಬೇಕಾದಾಗ, ಅಯ್ಯನವರಿಗೆ ಬೆರಳು ಬಿಡಿಸಲು ಆಗಲಿಲ್ಲ. ಅವಳೇ ಮುಂದೆ ಬಂದು ಒಂದೊಂದಾಗಿ ಬಿಡಿಸಿದಳು.

ಮೂರು ವರ್ಷ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ, ರಾಮಥಾಳದಿಂದ ಇಂದ್ರವ್ವ ಎಂಬ ಹೆಣ್ಣುಮಗಳು ಅವಳನ್ನು ಹುಡುಕಿಕೊಂಡು ಬಂದಳು. ಮೂವತ್ತರ ಹರೆಯ. ಗಂಡನಿಗೆ ಲಕ್ವಾ ಹೊಡೆದು ಐದು ತಿಂಗಳಾಗಿತ್ತು, ಬಲಭಾಗಕ್ಕಷ್ಟೇ ಬೆವರು ಕಿತ್ತು ಬರುತ್ತಿತ್ತು. ಇಳಕಲ್ಲಿನ ಸಂತೆಯಲ್ಲಿ ಯಾರೋ ಶಿವಬಸವ್ವನ ಹೆಸರು ಹೇಳಿದ್ದರು.

ಶಿವಬಸವ್ವ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಹಳೆಯ ನೂಲಿನ ಅರಿವೆಯನ್ನು ಹೇಗೆ ಮಡಿಸಿ ಕಂಕುಳಲ್ಲಿ ಇಡಬೇಕು, ಎಷ್ಟು ಹೊತ್ತಿಗೆ ಬದಲಿಸಬೇಕು, ಬೆರಳ ಸಂದಿ ಒರೆಸದಿದ್ದರೆ ಹೇಗೆ ಹುಣ್ಣಾಗುತ್ತದೆ ಎಲ್ಲ ತೋರಿಸಿದಳು. ಇಂದ್ರವ್ವ ತಲೆ ಆಡಿಸುತ್ತ ಕೇಳಿದಳು. ಆಮೇಲೆ ತಾನು ಕೇಳಲು ಬಂದದ್ದನ್ನು ಕೇಳಿದಳು:

“ಬೆವರೂದು ಚಲೋ ಲಕ್ಷಣ ಅಂತಾರಲ್ರಿ ಯವ್ವಾ. ಖರೇನ್ರಿ?”

“ಡಾಕ್ಟರ್ ಏನಂದ್ರು?”

“ಕೇಳಾಕ ಹೆದರಿಕಿ ಆತ್ರಿ. ಕೇಳಿಲ್ಲ.”

ಒಳಗೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಶಿವಬಸವ್ವ ಎದ್ದು ಇಳಿಸಿ, ಮತ್ತೆ ಬಂದು ಕೂತಳು.

“ಅಲ್ಲವ್ವಾ. ಚಲೋ ಲಕ್ಷಣನೂ ಅಲ್ಲ, ಕೆಟ್ಟ ಲಕ್ಷಣನೂ ಅಲ್ಲ. ಅದು ಸುಮ್ಮನ ಬರತೈತಿ, ಸುಮ್ಮನ ಹೋಗತೈತಿ. ಕೈದು ಬ್ಯಾರೆ, ಬೆವರಿಂದು ಬ್ಯಾರೆ.” ಚಹಾ ಅವಳ ಮುಂದೆ ಸರಿಸಿ ಹೇಳಿದಳು: “ಡಾಕ್ಟರ್ ಕಡೆ ಹೋಗೂ ಮುಂದ ಗಂಡನ್ನ ಹೊರಗ ಕೂಡಸಬ್ಯಾಡ. ಇಬ್ರೂ ಕೂಡೇ ಕೇಳ್ರಿ. ನೀ ಒಬ್ಬಾಕಿನ ಬಾಗಲದಾಗ ನಿಂತು ಕೇಳಬ್ಯಾಡ.”

ಇಂದ್ರವ್ವನ ಮುಖ ಇಳಿಯಿತು. ಸೆರಗು ಸರಿಮಾಡಿಕೊಂಡು ಎದ್ದಳು. ಬಸ್ಸಿಗೆ ಹೊತ್ತಾಯಿತು ಎಂದಳು. ಚಹಾ ಕುಡಿಯಲಿಲ್ಲ. ಓಣಿಯ ತಿರುವಿನವರೆಗೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಹೋದಳು.

ಎದುರು ಕಟ್ಟೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಖೈರುನಬಿ ಎಲ್ಲ ಕೇಳಿಸಿಕೊಂಡಿದ್ದಳು.

“ಅಷ್ಟ ಕಡ್ಡಿ ಮುರದಂಗ ಹೇಳಬೇಕಿತ್ತೇನಕ್ಕಾ?”

“ಗೊತ್ತಿಲ್ಲ ಖೈರೂ,” ಎಂದಳು ಶಿವಬಸವ್ವ. “ಅವಾಗ ಹೇಳಲಿಲ್ಲ, ಅದೂ ಸರಿ ಆತೋ ಇಲ್ಲೋ ಗೊತ್ತಿಲ್ಲ.”

ಇಂದ್ರವ್ವ ಮತ್ತೆ ಬರಲಿಲ್ಲ. ರಾಮಥಾಳದ ಕಡೆಯವರು ಯಾರಾದರೂ ಸೀರೆಗೆಂದು ಓಣಿಗೆ ಬಂದರೆ ಶಿವಬಸವ್ವ ವಿಚಾರಿಸುತ್ತಿದ್ದಳು, ಇಂಥಾಕೆಯ ಗಂಡ ಹೇಗಿದ್ದಾನೆ ಎಂದು. ಕೆಲವರು ಗೊತ್ತಿಲ್ಲ ಎಂದರು. ಒಬ್ಬ, ಅವರು ಊರು ಬಿಟ್ಟು ಹೆಂಡತಿಯ ತವರಿಗೆ ಹೋದರು, ಆ ಮನುಷ್ಯ ಬಾಗಿಲಲ್ಲಿ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿ ಎತ್ತಿ ಇಳಿಸುತ್ತಿದ್ದುದನ್ನು ಹೋಗುವ ಮುಂಚೆ ಕಂಡಿದ್ದೆ ಎಂದ. ಅವಳು ಆ ತವರೂರಿನ ಹೆಸರು ಕೇಳಿ ಇಟ್ಟುಕೊಂಡಳು. ಹೋಗುವುದಾಗಲಿಲ್ಲ.